ಎಂಟು ಮುಖದ ಕಲ್ಲು

ನಮ್ಮ ಅತ್ತೆ ಉಡುಪಿಯಿಂದ ಬಂದು ಅಮೆರಿಕದ ರಾಂಚೊ ಬರ್ನಾರ್ಡೊದ ನಮ್ಮ ಮನೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಬಂದ ಮರುದಿನವೇ ಸ್ನಾನ ಮುಗಿಸಿ, ತಂಬಿಗೆಯಲ್ಲಿ ನೀರು ಹಿಡಿದು, ಹಿತ್ತಲಿನ ಗಾಜಿನ ಬಾಗಿಲ ಬಳಿ ನಿಂತು "ತುಳಸಿ ಎಲ್ಲುಂಟು?" ಎಂದು ಕೇಳಿದರು. ನಾನು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುಂಡ ತೋರಿಸಿದೆ. ಟೊರೆನ್ಸ್‌ನ ಗೆಳತಿಯೊಬ್ಬಳು ಕೊಟ್ಟ ಗಿಡ, ಚೆನ್ನಾಗಿಯೇ ಬಂದಿತ್ತು. ಅತ್ತೆ ಬಗ್ಗಿ ನೀರು ಹಾಕಿ, ಕುಂಡವನ್ನು ಸುತ್ತಲು ಹೋದರು. ಅದು ಗೋಡೆಗೆ ಅಂಟಿಕೊಂಡಿತ್ತು. ನಿಂತಲ್ಲೇ ಮೂರು ಸುತ್ತು ತಿರುಗಿ ಒಳಗೆ ಬಂದರು. ಒಂದು ಮಾತೂ ಆಡಲಿಲ್ಲ. ಮಾತಾಡದೆಯೇ ಎದುರಿನವರನ್ನು ತಪ್ಪಿತಸ್ಥರನ್ನಾಗಿ ಮಾಡುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರಿಲ್ಲ.

ನಾನು ಮೈಸೂರಿನವಳು, ಸ್ವಲ್ಪ ಹಟದವಳು. ಕಟ್ಟೆಯೊಂದನ್ನು ತಂದೇ ತೀರುತ್ತೇನೆ ಎಂದು ನಿಶ್ಚಯ ಮಾಡಿದೆ. ಆ ಊರಿನ ಅಂಗಡಿಗಳಲ್ಲಿ ಸಿಮೆಂಟಿನ ಹಂಸ, ಸಿಮೆಂಟಿನ ಕಪ್ಪೆ, ಮೂತ್ರ ಮಾಡುವ ಸಿಮೆಂಟಿನ ಹುಡುಗ ಎಲ್ಲ ಸಿಗುತ್ತಿದ್ದವು. ತುಳಸಿಯನ್ನು ಕೂರಿಸುವಂಥದ್ದು ಮಾತ್ರ ಸಿಗಲಿಲ್ಲ.

ಕೊನೆಗೆ ಸಿಕ್ಕಿದ್ದು ಡೆಲ್ ಮಾರ್‌ನಲ್ಲಿ. ಅಲ್ಲಿ ಮನೆಯ ಯಜಮಾನರು ತೀರಿಕೊಂಡರೆ ಮಕ್ಕಳು ಇದ್ದಬದ್ದ ಸಾಮಾನಿಗೆಲ್ಲ ಚೀಟಿ ಅಂಟಿಸಿ ಮಾರಿಬಿಡುತ್ತಾರೆ, ಎಸ್ಟೇಟ್ ಸೇಲ್ ಅಂತ. ಒಂದು ಶನಿವಾರ ಸಮುದ್ರ ನೋಡಲು ಹೋದವರು ಅಂಥದ್ದೊಂದು ಮನೆಗೆ ನುಗ್ಗಿದೆವು. ಹಿಂದಿನ ತೋಟದಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಬೂದು ಬಣ್ಣ, ಎಂಟು ಮೂಲೆ, ಸೊಂಟದೆತ್ತರದ ಅರ್ಧದಷ್ಟು. ಒಳಗೆ ದುಂಡಗೆ ಕೊರೆದಿದ್ದರು. ತಳದಲ್ಲಿ ನೀರು ಹೋಗಲು ಒಂದು ತೂತು. ಎಂಟು ಮುಖಗಳಲ್ಲೂ ಸವೆದ ಕೆತ್ತನೆ. ಚೀಟಿಯಲ್ಲಿ "ಹೂವಿನ ತೊಟ್ಟಿ, ಕಲ್ಲು" ಎಂದಷ್ಟೇ ಬರೆದಿತ್ತು. ನಾನು ಬೆರಳಿಂದ ಧೂಳು ಒರೆಸಿದೆ. ಒಂದು ಮುಖದಲ್ಲಿ ಸಿಂಹ. ಪಕ್ಕದದ್ದು ಬಿಟ್ಟು ಅದರಾಚೆಗೆ ಬಸವ. ಮತ್ತೊಂದರಲ್ಲಿ ರೆಕ್ಕೆ ಬಿಚ್ಚಿದ ಹದ್ದು.

"ರೀ, ಇದು ನಮ್ಮದು ಕಣ್ರೀ," ಎಂದೆ.

"ಇನ್ನೂ ದುಡ್ಡು ಕೊಟ್ಟಿಲ್ಲ ಮಾರಾಯ್ತಿ," ಎಂದರು ನನ್ನ ಗಂಡ.

ಬಾಡಿಗೆ ಟ್ರಕ್ಕು, ನಾಲ್ಕು ಜನ ಸ್ನೇಹಿತರು, ಇವರ ಸೊಂಟ, ಇಷ್ಟು ಖರ್ಚಾಗಿ ಕಲ್ಲು ಮನೆಗೆ ಬಂತು. ಹಿತ್ತಲ ನಡುವೆ ಇಟ್ಟಿಗೆಯ ಪೀಠ ಕಟ್ಟಿ ಕೂರಿಸಿದೆವು. ತುಳಸಿ ನೆಟ್ಟೆವು. ಅತ್ತೆ ಸುತ್ತು ಬಂದರು, ಒಂದಲ್ಲ, ಒಂಬತ್ತು. ಅಂಚಿನಲ್ಲಿ ಮೋಟು ಬೆರಳಿನ ಹಾಗೆ ಎರಡು ಕಬ್ಬಿಣದ ತುಂಡು ಎದ್ದುಕೊಂಡಿದ್ದವು. ಹೂವಿನ ಮಾಲೆ ಕಟ್ಟಲು ಅವು ಸರಿಯಾಗಿ ಒದಗಿದವು. ಅಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಪಾಯಸ ಮಾಡಿದರು.

ಆ ವರ್ಷದ ತುಳಸಿ ಹಬ್ಬಕ್ಕೆ ಸುತ್ತಮುತ್ತಲಿನ ನಮ್ಮವರನ್ನೆಲ್ಲ ಕರೆದಿದ್ದೆ. ಲಾಸ್ ಏಂಜಲೀಸಿನಿಂದ ಒಬ್ಬ ಪ್ರೊಫೆಸರ್ ಅಂಕಲ್ ಬಂದಿದ್ದರು. ಅವರು ಕಲಿಸುತ್ತಿದ್ದದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಅವರಿಗೆ ಗೊತ್ತಿದ್ದದ್ದು ಎಲ್ಲವೂ. ಕಲ್ಲನ್ನು ಎರಡು ಸುತ್ತು ಸುತ್ತಿ, ಕನ್ನಡಕ ಹಣೆಗೇರಿಸಿ, ತೀರ್ಪು ಕೊಟ್ಟರು.

"ಎಂಟು ಮುಖ ಅಂದ್ರೆ ಅಷ್ಟದಿಕ್ಪಾಲಕರು. ಸಿಂಹ ನರಸಿಂಹ, ಹದ್ದು ಗರುಡ, ಇದು ನಂದಿ. ರೆಕ್ಕೆ ಇರೋ ಮನುಷ್ಯರು ಗಂಧರ್ವರು. ವಿಜಯನಗರದ ಕಾಲದ್ದು, ಡೌಟೇ ಇಲ್ಲ. ಯಾವನೋ ಬಿಳಿಯ ಎತ್ಕೊಂಡ್ ಬಂದಿದ್ದಾನೆ."

"ಗಂಧರ್ವರಿಗೆ ಮೂಗೇ ಇಲ್ವಲ್ಲ?" ಎಂದು ಯಾರೋ ಕೇಳಿದರು.

"ದಾಳಿಯಲ್ಲಿ ಹೋಗಿರುತ್ತೆ," ಎಂದರು ಪ್ರೊಫೆಸರು.

ಯಾರಿಗೂ ಅನುಮಾನ ಬರಲಿಲ್ಲ. ಸಿಂಹ, ಬಸವ, ಗರುಡ ಒಂದೇ ಕಲ್ಲಿನಲ್ಲಿದ್ದರೆ ನಮ್ಮವರಿಗೆ ಬೇರೆ ಸಾಕ್ಷಿ ಏಕೆ ಬೇಕು? ನಾನಂತೂ ಹಂಪಿಯ ಕಲ್ಲನ್ನು ಸೆರೆ ಬಿಡಿಸಿ ತಂದವಳ ಹಾಗೆ ಬೀಗುತ್ತ ಎರಡು ವರ್ಷ ಕಳೆದೆ. ಅಮೆರಿಕದಲ್ಲಿ ಮನೆ ನಮ್ಮದು, ಕಾರು ನಮ್ಮದು ಎಂದು ಕಾಗದಗಳು ಹೇಳುತ್ತಿದ್ದವು. ಆದರೆ ಮುಟ್ಟಿದಾಗ ನನ್ನದು ಎನ್ನಿಸುತ್ತಿದ್ದದ್ದು ಆ ಕಲ್ಲು ಮಾತ್ರ.

ಎರಡು ವರ್ಷದ ಮೇಲೆ ನಮ್ಮ ಬೀದಿಯಲ್ಲಿ, ಎರಡು ಮನೆ ಆಚೆ, ಇಂಗ್ಲೆಂಡ್ ಮೂಲದ ಒಬ್ಬ ವೃದ್ಧೆ ಬಂದು ನೆಲಸಿದರು. ಹುಡುಗಿಯಾಗಿದ್ದಾಗ ಅಮೆರಿಕದ ಸೈನಿಕನನ್ನು ಮದುವೆಯಾಗಿ ಬಂದವರು. ಗಂಡ ಹೋಗಿ ಬಹಳ ಕಾಲವಾಗಿತ್ತು. ನಾವು ಅವರನ್ನು ಇಂಗ್ಲಿಷ್ ಅಜ್ಜಿ ಎಂದು ಕರೆಯತೊಡಗಿದೆವು. ಅತ್ತೆಯೂ ಅವರೂ ಬೇಲಿಯ ಬಳಿ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು, ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ. ಮಂಡಿನೋವಿನ ವಿಷಯಕ್ಕೆ ಭಾಷೆ ಬೇಕಿಲ್ಲ ಎನ್ನುವುದು ಆಗ ನನಗೆ ತಿಳಿಯಿತು.

ಒಂದು ದಿನ ಅಜ್ಜಿ ನಾವು ಕಳಿಸಿದ್ದ ಕೋಡುಬಳೆಯ ಡಬ್ಬಿ ಹಿಂತಿರುಗಿಸಲು ಬಂದರು. ಮೊದಲ ಸಲ ಮನೆಯೊಳಗೆ ಬಂದದ್ದು. ಗಾಜಿನ ಬಾಗಿಲ ಹತ್ತಿರ ಬಂದವರು ಅಲ್ಲೇ ನಿಂತರು. ಕೋಲೂರಿಕೊಂಡು ಕಲ್ಲನ್ನೇ ನೋಡಿದರು.

"ಆ ಕಲ್ಲು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದರು.

ಆ ಮುಖ ನೋಡಿದೊಡನೆ ನನಗೆ ಗೊತ್ತಾಗಿಹೋಯಿತು, ಈಕೆಗೆ ಈ ಕಲ್ಲಿನ ಪರಿಚಯವಿದೆ, ಇದನ್ನು ನನ್ನಿಂದ ಕೇಳಿಬಿಡುತ್ತಾರೆ ಎಂದು. ನಾಲಿಗೆ ನನಗಿಂತ ಮೊದಲು ಓಡಿತು.

"ಇಂಡಿಯಾದಿಂದ ತರಿಸಿದ್ದು," ಎಂದೆ. ಸಾಲದು ಎಂಬಂತೆ "ತುಂಬ ಹಳೆಯದು" ಎಂದೂ ಸೇರಿಸಿದೆ.

ಅಜ್ಜಿ ನಿಧಾನಕ್ಕೆ ತಲೆಯಾಡಿಸಿ, ಕ್ಷಮಿಸಿ, ಬೇರೆ ಏನೋ ಅಂದುಕೊಂಡೆ ಎಂದು ಹೇಳಿ ಹೊರಟುಹೋದರು. ಹೋಂವರ್ಕ್ ಮಾಡುತ್ತ ಕೂತಿದ್ದ ನನ್ನ ಹತ್ತು ವರ್ಷದ ಮಗಳು ತಲೆಯೆತ್ತಿದಳು. "ಮಾಮ್, ವಿ ಗಾಟ್ ಇಟ್ ಇನ್ ಡೆಲ್ ಮಾರ್," ಎಂದಳು.

"ಗೊತ್ತು, ಸುಮ್ನೆ ಓದ್ಕೋ," ಎಂದು ಗದರಿದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆಮೇಲಿನ ದಿನಗಳಲ್ಲಿ ಅಜ್ಜಿ ಬೀದಿಯಲ್ಲಿ ಕಂಡರೆ ನಾನು ಟಪಾಲು ಡಬ್ಬಿಯೊಳಗೆ ತಲೆಹಾಕಿ ನಿಲ್ಲುತ್ತಿದ್ದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಕಲ್ಲು ಹೋದೀತೆಂಬ ಭಯ. ಕಾನೂನಿನ ಪ್ರಕಾರ ಅದು ನಮ್ಮದೇ, ರಸೀದಿ ಇದೆ, ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಳ್ಳುತ್ತಿದ್ದೆ.

ಮೂರು ವಾರ ಕಳೆದು ಅಜ್ಜಿ ಮತ್ತೆ ಬಂದರು, ಕೈಯಲ್ಲಿ ಒಂದು ಹಳೆಯ ಕಿರುಹೊತ್ತಗೆ ಹಿಡಿದು. ನಿಮ್ಮ ಕಲ್ಲನ್ನು ನೋಡಿ ನನಗೆ ಏಕೆ ಹಾಗಾಯಿತು ಎಂದು ತೋರಿಸೋಣ ಎನ್ನಿಸಿತು, ತಪ್ಪು ತಿಳಿಯಬೇಡಿ, ಎಂದರು. ನನ್ನ ಮೇಲೆ ಅವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಹೊತ್ತಗೆ ತೆರೆದು ಒಂದು ಕಪ್ಪುಬಿಳುಪು ಫೋಟೊ ಮೇಜಿನ ಮೇಲಿಟ್ಟರು. ನಾನು ಬಾಯಿ ತೆರೆಯುವುದರೊಳಗೆ, ಕಾಫಿ ತಂದ ಅತ್ತೆ ಬಗ್ಗಿ ನೋಡಿದರು.

"ಅರೆ, ಇದು ನಮ್ಮ ಕಟ್ಟೆಯಲ್ಲವಾ? ಬಸವನ ಕೊಂಬು ಮುರಿದದ್ದು ಸಹ ಉಂಟು ನೋಡು," ಎಂದು ಸಂಭ್ರಮದಿಂದ ಫೋಟೊದ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಹಿತ್ತಲು ತೋರಿಸಿದರು.

ಅನುವಾದ ಬೇಕಾಗಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ, ಡೆಲ್ ಮಾರ್‌ನ ಎಸ್ಟೇಟ್ ಸೇಲಿನಲ್ಲಿ ತಂದದ್ದು, ಅವತ್ತು ನಾನು ಸುಳ್ಳು ಹೇಳಿದೆ, ಎಂದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರು "ಓ" ಎಂದು ಕುರ್ಚಿಯಲ್ಲಿ ಕೂತು, ಹತ್ತಿರ ಹೋಗಿ ಮುಟ್ಟಬಹುದೇ ಎಂದು ಮಾತ್ರ ಕೇಳಿದರು.

ಹಿತ್ತಲಿನಲ್ಲಿ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಅದರ ಕಥೆ ಹೇಳಿದರು. ಅರ್ಧ ಅವರ ಬಾಯಿಂದ, ಅರ್ಧ ಅವರ ಚರ್ಚಿನವರು ಅಚ್ಚುಹಾಕಿಸಿದ್ದ ಆ ಹೊತ್ತಗೆಯಿಂದ.

ಅದು ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಿನದು, ಐನೂರು ವರ್ಷಕ್ಕೂ ಹಳೆಯದು, ಮಕ್ಕಳ ತಲೆಗೆ ನೀರು ಹಾಕಿ ಜ್ಞಾನಸ್ನಾನ ಮಾಡಿಸುವ ತೊಟ್ಟಿ. ಸಿಂಹ, ಎತ್ತು, ಹದ್ದು, ರೆಕ್ಕೆಯ ಮನುಷ್ಯ, ಈ ನಾಲ್ಕೂ ಕ್ರಿಸ್ತನ ಚರಿತ್ರೆ ಬರೆದ ನಾಲ್ವರ ಗುರುತುಗಳು. ನಡುನಡುವೆ ಇರುವವರು ದೇವದೂತರು. ನಾವು ಮಾಲೆ ಕಟ್ಟುತ್ತಿದ್ದ ಕಬ್ಬಿಣದ ತುಂಡುಗಳು ಬೀಗದ ಕೊಂಡಿಯ ಮೋಟುಗಳು. ಮಂತ್ರಿಸಿದ ನೀರನ್ನು ಊರಿನವರು ಮಾಟಕ್ಕೆ, ಮದ್ದಿಗೆ ಕದಿಯುತ್ತಿದ್ದರೆಂದು ತೊಟ್ಟಿಗೆ ಮುಚ್ಚಳವಿಟ್ಟು ಬೀಗ ಹಾಕುತ್ತಿದ್ದರಂತೆ. ಮುಂದೆ ವಿಗ್ರಹಗಳು ಕೂಡದು ಎನ್ನುವವರ ಕಾಲ ಬಂತು. ದೇವದೂತರ ಮೂಗು ಒಡೆದು ತೊಟ್ಟಿಯನ್ನು ಹೊರಗೆ ಎಸೆದರು. ಒಬ್ಬ ರೈತ ಅದನ್ನು ಹೊತ್ತೊಯ್ದು ದನಗಳಿಗೆ ನೀರು ಕುಡಿಸಲು ಇಟ್ಟುಕೊಂಡ. ನಾಲ್ಕೈದು ತಲೆಮಾರು ದನಗಳು ಅದರಲ್ಲಿ ನೀರು ಕುಡಿದವು. ಆಮೇಲೆ ಒಬ್ಬ ಪಾದ್ರಿಯ ಹೆಂಡತಿ ಅದನ್ನು ಗುರುತಿಸಿ ತರಿಸಿಕೊಂಡು ತನ್ನ ತೋಟದಲ್ಲಿ ಹೂವು ನೆಟ್ಟಳು. ಆಕೆ ಸತ್ತ ಮೇಲೆ ಅದು ಮತ್ತೆ ಚರ್ಚಿನೊಳಗೆ ಹೋಯಿತು. ಕೊನೆಗೆ ಊರು ಖಾಲಿಯಾಗಿ ಚರ್ಚು ಮುಚ್ಚಿದಾಗ ಡೆಲ್ ಮಾರ್‌ನ ಒಬ್ಬ ಶ್ರೀಮಂತರು ಹಡಗಿನಲ್ಲಿ ತರಿಸಿ, ತಾವು ಹೋಗುತ್ತಿದ್ದ ಚರ್ಚಿಗೆ ಕೊಟ್ಟರು. ಅಜ್ಜಿಯ ಒಬ್ಬನೇ ಮಗನಿಗೆ ಜ್ಞಾನಸ್ನಾನವಾದದ್ದು ಅದರಲ್ಲಿ. ಚರ್ಚಿನ ಹೊಸ ಕಟ್ಟಡ ಎದ್ದಾಗ ಹಳೆಯ ತೊಟ್ಟಿ ಬೇಡವಾಗಿ, ಕೊಟ್ಟವರ ತೋಟಕ್ಕೇ ವಾಪಸ್ಸು ಹೋಯಿತು. ಅವರು ತೀರಿಕೊಂಡ ಸುದ್ದಿ ಕೇಳಿ ಅಜ್ಜಿ ಓಡಿಹೋದಾಗ ಮಾರಾಟ ಮುಗಿದು ಎರಡು ದಿನವಾಗಿತ್ತು.

ವಿಜಯನಗರ ಸಾಮ್ರಾಜ್ಯ ನಮ್ಮ ಹಿತ್ತಲಿನಲ್ಲಿ ಎರಡನೆಯ ಸಲ ಪತನವಾಯಿತು. ಅದಕ್ಕೆ ನಗು ಬಂದರೂ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಜ್ಜಿಯ ಆ ಮಗ ಈಗಿರಲಿಲ್ಲ. ಅವನ ಮಗಳು ಟೊರೆನ್ಸ್‌ನಲ್ಲಿದ್ದಳು, ಆರು ವಾರದ ಬಾಣಂತಿ. ಆಕೆಗೆ ಚರ್ಚು, ಪೂಜೆ ಯಾವುದೂ ಬೇಡ. ಅಜ್ಜಿ ಪೀಡಿಸಿದಾಗ, ಅಪ್ಪನಿಗೆ ನೀರು ಹಾಕಿದ ತೊಟ್ಟಿ ಸಿಕ್ಕರೆ ನನ್ನ ಮಗುವಿಗೂ ಹಾಕಿಸಿ, ಇಲ್ಲದಿದ್ದರೆ ಈ ಮಾತು ಎತ್ತಬೇಡಿ, ಎಂದಿದ್ದಳಂತೆ. ಸಿಗುವುದಿಲ್ಲ ಎಂಬ ಧೈರ್ಯದಿಂದ ಹೇಳಿದ ಮಾತು.

"ಒಂದೇ ದಿನ," ಎಂದರು ಅಜ್ಜಿ. "ಒಂದು ಬೆಳಿಗ್ಗೆ. ಕೊಡುತ್ತೀರಾ?"

ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇಷ್ಟೆಲ್ಲ ಕೇಳಿದ ಮೇಲೂ ನಾನು ದಾರಿ ಹುಡುಕುತ್ತಿದ್ದೆ. ಒಂದು ದಿನ ಎಂದು ಬಿಟ್ಟುಕೊಟ್ಟರೆ ಚರ್ಚಿನವರು ನೋಡುತ್ತಾರೆ, ನಮ್ಮದು ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅತ್ತೆಯ ಮಡಿಯ ಹಿಂದೆ ಅಡಗಿಕೊಳ್ಳೋಣ ಎಂದುಕೊಂಡೆ. ತುಳಸಿ ಕೀಳುವುದು, ಕಟ್ಟೆಯಲ್ಲಿ ಪಾದ್ರಿಗಳು ಪೂಜೆ ಮಾಡುವುದು, ಮಾಧ್ವರ ಮನೆಯ ಹಿರಿಯರು ಇದಕ್ಕೆ ಒಪ್ಪುವುದುಂಟೇ? "ನಮ್ಮ ಅತ್ತೆಯನ್ನು ಕೇಳಬೇಕು," ಎಂದು ಅಜ್ಜಿಗೆ ಹೇಳಿ, ಎಲ್ಲವನ್ನೂ ಅತ್ತೆಗೆ ಕನ್ನಡದಲ್ಲಿ ವಿವರಿಸಿದೆ. ಪಾದ್ರಿಗಳ ವಿಷಯವನ್ನು ಸ್ವಲ್ಪ ಒತ್ತಿಯೇ ಹೇಳಿದೆ.

ಅತ್ತೆ ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಂಡರು.

"ಊರಲ್ಲಿ ನಮ್ಮ ಪಕ್ಕದ್ದೇ ಕ್ರೈಸ್ತರ ಮನೆ. ಅವರ ಮಕ್ಕಳಿಗೆ ಇಗರ್ಜಿಯಲ್ಲಿ ನೀರು ಹಾಕಿದ ದಿನ ನಮ್ಮಲ್ಲಿಗೆ ಬಾಳೆಹಣ್ಣು ಬರ್ತಿತ್ತು. ಶಿಶುವಿನ ತಲೆಗೆ ನೀರು ಹಾಕ್ಲಿಕ್ಕೆ ಬೇಡ ಅಂತ ಹೇಳುವುದಾ? ನಿನಗೆ ಎಂತ ಆಗಿದೆ?" ಎಂದರು.

"ಅದಲ್ಲ ಅತ್ತೆ, ತುಳಸಿ ಕೀಳಬೇಕಲ್ಲ..."

"ಬುಡದ ಮಣ್ಣು ಸಮೇತ ತೆಗೆದರೆ ಅದಕ್ಕೆ ಎಂತ ಆಗುವುದಿಲ್ಲ. ಮಂಗಳವಾರ, ಶುಕ್ರವಾರ, ಭಾನುವಾರ ಬೇಡ. ಸೋಮವಾರ ತೆಗೆಯುವ."

ನನ್ನ ಕೊನೆಯ ಕೋಟೆಯೂ ಬಿತ್ತು. ಅಜ್ಜಿಗೆ ಹೂಂ ಎಂದೆ. ಅವರು ನನ್ನ ಕೈಯನ್ನು ಬಿಟ್ಟು ಅತ್ತೆಯ ಕೈ ಹಿಡಿದುಕೊಂಡದ್ದು ಸರಿಯಾಗಿಯೇ ಇತ್ತು.

ಅಜ್ಜಿಯ ಮೊಮ್ಮಗಳು ಆಡಿದ ಮಾತಿಗೆ ತಪ್ಪಲಿಲ್ಲ. ಡೆಲ್ ಮಾರ್ ಚರ್ಚಿನ ಪಾದ್ರಿ, ನಡುವಯಸ್ಸಿನವರು, ಕಲ್ಲು ಎತ್ತಿ ಸಾಗಿಸುವುದು ಬೇಡ, ನಾವೇ ಅಲ್ಲಿಗೆ ಬರುತ್ತೇವೆ ಎಂದರು. ತುಳಸಿ ಸೋಮವಾರವೇ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಕೆಟ್ಟಿಗೆ ವರ್ಗವಾಯಿತು. ಅತ್ತೆ ತೊಟ್ಟಿಯನ್ನು ತೆಂಗಿನ ನಾರು ಹಾಕಿ ತಿಕ್ಕಿ ಬೆಳಗಿದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ಹನ್ನೆರಡು ಜನ ಬಂದರು. ಆಗಲೇ ಒಂದು ಎಡವಟ್ಟು ಗೊತ್ತಾದದ್ದು. ತೊಟ್ಟಿಗೆ ನೀರು ಹೊಯ್ದರೆ ತಳದ ತೂತಿನಿಂದ ಸೋರಿಹೋಗುತ್ತಿತ್ತು. ನಾವು ಗಿಡದ ಬುಡದ ನೀರು ಇಳಿಯಲಿ ಎಂದು ಆ ತೂತನ್ನು ಚೆನ್ನಾಗಿ ಬಿಡಿಸಿಟ್ಟಿದ್ದೆವು. ಹಳೆಯ ಬಿರಡೆ ಯಾವ ಕಾಲದಲ್ಲಿ ಕಳೆದಿತ್ತೋ. ನನ್ನ ಗಂಡ ಇಂಜಿನಿಯರು, ಗ್ಯಾರೇಜಿನಿಂದ ಅಗಲದ ಅಂಟುಪಟ್ಟಿ ತಂದು ಮೆತ್ತಿದರು. ಒದ್ದೆ ಕಲ್ಲಿಗೆ ಅದು ಅಂಟಲಿಲ್ಲ. ಮಗುವಿನ ತಂದೆಯೂ ಇಂಜಿನಿಯರು, ವಿಮಾನದ ಕಂಪನಿಯವರು, ವೈನ್ ಬಾಟಲಿಯ ಬಿರಡೆ ತುರುಕಿದರು. ಅದು ಒಳಕ್ಕೇ ಬಿದ್ದುಹೋಗಿ ಪೀಠದ ಇಟ್ಟಿಗೆಗಳ ನಡುವೆ ಸೇರಿತು. ಇಬ್ಬರೂ ಮಂಡಿಯೂರಿ ತೂತಿನ ಅಳತೆಯ ಬಗ್ಗೆ ಚರ್ಚೆ ಶುರುಮಾಡಿದರು. ಮಗು ಅಳತೊಡಗಿತು. ಮೊಮ್ಮಗಳು ಗಡಿಯಾರ ನೋಡಿಕೊಂಡಳು. ಅಜ್ಜಿಯ ಮುಖ ಬಿಳಿಚಿಕೊಂಡಿತು. ಮೊಮ್ಮಗಳು ಎಲ್ಲಿ ಬೇಡ ಎಂದು ಎದ್ದುಹೋಗುತ್ತಾಳೋ ಎಂದು ನನಗೂ ಭಯವಾಯಿತು.

ಅತ್ತೆ ಒಳಗೆ ಹೋದರು. ಒಂದು ಮುಷ್ಟಿ ಗೋಧಿಹಿಟ್ಟನ್ನು ಗಟ್ಟಿಯಾಗಿ ಕಲಸಿಕೊಂಡು ಬಂದರು. ಊರಲ್ಲಿ ಕಡುಬು ಬೇಯಿಸುವಾಗ ಹಬೆ ಹೋಗದಂತೆ ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತುವ ಕೈ ಅದು. ಇಂಜಿನಿಯರುಗಳನ್ನು "ಏಳಿ ಏಳಿ" ಎಂದು ಎಬ್ಬಿಸಿ, ತೂತಿಗೆ ಹಿಟ್ಟು ಒತ್ತಿ, ಹೆಬ್ಬೆರಳಿಂದ ಸುತ್ತ ತೀಡಿದರು.

"ಹಾಕಿ ನೀರು," ಎಂದರು.

ಒಂದು ಹನಿ ಸೋರಲಿಲ್ಲ. ಮೊಮ್ಮಗಳು ಜೋರಾಗಿ ನಕ್ಕಳು. ಬಂದಾಗಿನಿಂದ ಆಕೆ ನಕ್ಕದ್ದು ಅದೇ ಮೊದಲು.

ಪಾದ್ರಿ ಮಂತ್ರ ಹೇಳಿ ಉಗುರು ಬೆಚ್ಚಗಿನ ನೀರನ್ನು ಮಗುವಿನ ತಲೆಗೆ ಮೂರು ಸಲ ಹಾಕಿದರು. ಅದು ಬಿಕ್ಕಿ, ಕಣ್ಣು ಬಿಟ್ಟು, ಅಜ್ಜಿಯನ್ನು ನೋಡಿತು. ಮುಗಿದ ಮೇಲೆ ಪಾದ್ರಿ, ಈ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಭೂಮಿಗೇ ಇಳಿಯಬೇಕು, ಈ ತೂತು ಇರುವುದು ಅದಕ್ಕೇ, ಎಂದರು. ನಾನು ಅತ್ತೆಗೆ ಅದನ್ನು ಹೇಳಿದೆ.

"ಮತ್ತೆ? ತೀರ್ಥವನ್ನು ಯಾರಾದರೂ ಚರಂಡಿಗೆ ಬಿಡ್ತಾರಾ?" ಎಂದು ಅವರು ಹಿಟ್ಟು ಕಿತ್ತು ತೆಗೆದರು. ನೀರು ಇಟ್ಟಿಗೆಗಳ ನಡುವಿನಿಂದ ನೆಲಕ್ಕೆ ಇಳಿಯಿತು.

ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಅಜ್ಜಿ ಒಬ್ಬರೇ ಕಲ್ಲಿನ ಹತ್ತಿರ ನಿಂತಿದ್ದರು. ಅಂಚಿನ ಮೇಲೆ ಅಂಗೈಯಿಟ್ಟು ಮಗನ ಹೆಸರನ್ನು ಒಂದು ಸಲ ಮೆಲ್ಲಗೆ ಹೇಳಿದರು. ನನ್ನೊಳಗಿನ ವಕೀಲೆ ಆಗ ಬಾಯಿ ಮುಚ್ಚಿದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಇದನ್ನು ನಿಮ್ಮ ಚರ್ಚಿಗೆ ತೆಗೆದುಕೊಂಡು ಹೋಗಿ," ಎಂದೆ.  ಅವರು ನನ್ನನ್ನು ತಬ್ಬಿಕೊಂಡರು.

ಮುಂದಿನ ಹದಿನೈದು ದಿನ ಅತ್ತೆ ಬಕೆಟ್ಟನ್ನೇ ಸುತ್ತು ಬಂದರು, ಒಂದೂ ಕೊಂಕು ಮಾತಿಲ್ಲದೆ. ನಾನು ಅಡುಗೆಮನೆಯ ಕಿಟಕಿಯಿಂದ ಖಾಲಿ ತೊಟ್ಟಿ ನೋಡುತ್ತ, ಲಾರಿಯ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದೆ. ಕೊಟ್ಟದ್ದಕ್ಕೆ ಬೇಸರವಿರಲಿಲ್ಲ. ಆದರೆ ಬೇಗ ಬಂದು ಹೊತ್ತುಕೊಂಡು ಹೋಗಬಾರದೇ ಎನ್ನಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಫೋನ್ ಮಾಡಿದರು. ಚರ್ಚಿನಿಂದ ಆಗಷ್ಟೇ ಬಂದಿದ್ದರು, ಸಿಟ್ಟಿನಲ್ಲಿದ್ದರು. ಅಲ್ಲಿಯ ಕಮಿಟಿಯವರಿಗೆ ಕಲ್ಲು ಬೇಕಂತೆ, ಆದರೆ ಒಳಗೆ ಜಾಗವಿಲ್ಲವಂತೆ. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿಟ್ಟು ಹೂವು ನೆಡುತ್ತಾರಂತೆ.

"ನಾನು ಬೇಡ ಎಂದು ಹೇಳಿ ಬಂದೆ," ಎಂದರು ಅಜ್ಜಿ. "ದನಗಳ ಜೊತೆ ಇದ್ದಾಗಲೂ ಅದಕ್ಕೆ ಇಷ್ಟು ಅವಮಾನವಾಗಿರಲಿಲ್ಲ. ನಿಮ್ಮಲ್ಲಿ ದಿನವೂ ಯಾರಾದರೂ ಅದಕ್ಕೆ ನೀರು ಹಾಕಿ ಕೈಮುಗಿಯುತ್ತೀರಿ. ನನ್ನ ಮಗನ ತೊಟ್ಟಿ ನಿಮ್ಮ ಮನೆಯಲ್ಲೇ ಇರಲಿ. ನಾನು ಬಂದಾಗ ಮುಟ್ಟಲು ಬಿಡಿ."

ನಾನು ಆಯಿತು ಎಂದು ಹೇಳಲು ಹೋಗಿ ಅತ್ತುಬಿಟ್ಟೆ. ಫೋನ್ ಇಟ್ಟಮೇಲೂ ಅಳು ನಿಲ್ಲಲಿಲ್ಲ. ಅತ್ತೆ ಗಾಬರಿಯಾಗಿ ಓಡಿ ಬಂದರು.

"ಯಾರು ಹೋದದ್ದು?"

"ಯಾರೂ ಹೋಗಿಲ್ಲ ಅತ್ತೆ. ಕಲ್ಲು ಇಲ್ಲೇ ಇರುತ್ತಂತೆ."

ಅವರು ನನ್ನನ್ನು ಒಂದು ಕ್ಷಣ ನೋಡಿ, ಸೆರಗಿನಿಂದ ನನ್ನ ಮುಖ ಒರೆಸಿದರು.

"ಹಾಗಾದರೆ ಅಳುವುದು ಎಂತಕ್ಕೆ? ಇವತ್ತು ಭಾನುವಾರ, ತುಳಸಿ ಮುಟ್ಟುವ ಹಾಗಿಲ್ಲ. ನಾಳೆ ಬೆಳಿಗ್ಗೆ ನೆಡುವ. ಆ ಅಜ್ಜಿಗೂ ಬರ್ಲಿಕ್ಕೆ ಹೇಳು, ಮೊದಲ ನೀರು ಅವರೇ ಹಾಕಲಿ."